ಗಾಲ್ಫ್ ಸ್ವಿಂಗ್‌ನಲ್ಲಿ ದೇಹ ಹಿಂದಕ್ಕೆ ವಾಲುತ್ತದೆ, ಸಮತೋಲನ ಸಾಧಿಸುವುದು ಹೇಗೆ?

ಭದ್ರಾವತಿಯಿಂದ ಕೇಳಿದ್ದೀರಿ: ವಯಸ್ಸು 46, ಗಾಲ್ಫ್ ಹಿಡಿದು ಎರಡು ವರ್ಷ, ಜೋರಾಗಿ ಬೀಸಿದರೆ ದೇಹ ಹಿಂದಕ್ಕೆ ವಾಲುತ್ತದೆ, ಆ ಕ್ಷಣದಲ್ಲಿ ಕಾಲು ಎಲ್ಲಿದೆ, ಸೊಂಟ ಎಲ್ಲಿದೆ ಎಂಬುದೇ ತಿಳಿಯುವುದಿಲ್ಲ. ನಾನು ತರಬೇತುದಾರನಲ್ಲ. ತೀರ್ಥಹಳ್ಳಿ ಕಡೆಯ ಅಡಿಕೆ ಕೃಷಿಕ, ತಿಂಗಳಿಗೆ ಎರಡು ಸಲ ಚಿಕ್ಕಮಗಳೂರಿಗೆ ಹೋಗಿ ಆಡುತ್ತೇನೆ. ನಿಮ್ಮದೇ ತೊಂದರೆ ನನ್ನನ್ನು ಮೂರು ವರ್ಷ ಕಾಡಿತ್ತು.

ನನಗೆ ದಾರಿ ಕಂಡದ್ದು ಮನೆಯ ಅಂಗಳದಲ್ಲಿ. ಆಷಾಢದ ಮಳೆಗೆ ಅಂಗಳವೆಲ್ಲ ಹಾವಸೆ ಹಿಡಿಯುತ್ತದೆ. ಅದರ ಮೇಲೆ ಅಮ್ಮ ಕೊಟ್ಟಿಗೆಯಿಂದ ಹಾಲಿನ ತಂಬಿಗೆ ಹಿಡಿದು ಬರುವುದನ್ನು ಒಂದು ಬೆಳಿಗ್ಗೆ ಗಮನವಿಟ್ಟು ನೋಡಿದೆ. ಹೆಜ್ಜೆ ಸಣ್ಣದು, ಮಂಡಿ ಸಡಿಲ. ಇಡೀ ಪಾದ ಊರಿದ ಮೇಲೆಯೇ ಅದಕ್ಕೆ ಭಾರ. ಕಣ್ಣು ಮಾತ್ರ ತಂಬಿಗೆಯ ಮೇಲೆ. ನೆಲದ ಸುದ್ದಿಯನ್ನೆಲ್ಲ ಅವರ ಪಾದವೇ ಹೇಳುತ್ತಿತ್ತು. ಚೆಂಡು ಹೊಡೆಯುವಾಗ ನನ್ನ ಪಾದ ಏನು ಮಾಡುತ್ತದೆ ಎಂದು ನಾನು ಅದುವರೆಗೆ ಒಮ್ಮೆಯೂ ಕೇಳಿಕೊಂಡಿರಲಿಲ್ಲ.

ದೇಹ ತನ್ನ ನೆಲೆಯನ್ನು ಮೂರು ಕಡೆಯಿಂದ ತಿಳಿಯುತ್ತದೆ: ಕಣ್ಣು, ಒಳಕಿವಿ, ಮತ್ತು ಪಾದ, ಕೀಲು, ಸ್ನಾಯುಗಳಲ್ಲಿರುವ ನರಗಳು. ಗಾಲ್ಫ್‌ನಲ್ಲಿ ಕಣ್ಣು ಚೆಂಡಿಗೆ ಅಂಟಿಕೊಂಡಿರುತ್ತದೆ, ದಪ್ಪ ಅಟ್ಟೆಯ ಶೂ ಪಾದದ ಅರಿವನ್ನು ಮಂಕಾಗಿಸುತ್ತದೆ. ಆದ್ದರಿಂದ ಮೊದಲು ಶೂ ಬಿಚ್ಚಿ. ಅಮೆರಿಕದ ವೃತ್ತಿಪರ ಗಾಲ್ಫ್ ಸರಣಿಯಾದ ಪಿಜಿಎ ಟೂರ್‌ನಲ್ಲಿ 82 ಪಂದ್ಯಾವಳಿ ಗೆದ್ದ ಸ್ಯಾಮ್ ಸ್ನೀಡ್ ಕೂಡ ಬರಿಗಾಲಿನಲ್ಲಿ ಅಭ್ಯಾಸ ಮಾಡುತ್ತಿದ್ದರು.

ಹಿಂದಕ್ಕೆ ವಾಲುವುದು ಎರಡು ಬಗೆ, ಮದ್ದೂ ಬೇರೆ ಬೇರೆ. ಭಾರ ಹಿಮ್ಮಡಿಗೆ ಜಾರಿ ಬೆನ್ನ ಕಡೆಗೆ ಬೀಳುವಂತಾದರೆ, ನೀವು ನಿಂತುಕೊಳ್ಳುವ ರೀತಿಯಲ್ಲೇ ದೋಷವಿದೆ. ಹಿಮ್ಮಡಿ, ಹೆಬ್ಬೆರಳ ಬುಡ, ಕಿರುಬೆರಳ ಬುಡ, ಈ ಮೂರೂ ನೆಲಕ್ಕೆ ತಾಗಿವೆಯೇ ನೋಡಿ, ಸೊಂಟದಿಂದ ಬಾಗಿ. ಚೆಂಡು ಹೊಡೆದ ಮೇಲೆಯೂ ಭಾರ ಬಲಗಾಲಿನಲ್ಲೇ ಉಳಿದರೆ (ನೀವು ಬಲಗೈಯವರು ಎಂದುಕೊಂಡಿದ್ದೇನೆ) ಅದು ಎರಡನೆಯ ಬಗೆ, ನನ್ನದೂ ಅದೇ ಆಗಿತ್ತು. ಚೆಂಡನ್ನು ನಾವೇ ಮೇಲೆತ್ತಬೇಕೆಂದು ಹಿಂದಕ್ಕೆ ಬಾಗುತ್ತೇವೆ. ಎತ್ತುವುದು ಕ್ಲಬ್ಬಿನ (ಗಾಲ್ಫ್ ಕೋಲಿನ) ಮುಖದ ಓರೆಯ ಕೆಲಸ. ನಮ್ಮ ಕೆಲಸ ಭಾರವನ್ನು ಎಡಗಾಲಿಗೆ ಒಪ್ಪಿಸುವುದು, ಅದೂ ಕ್ಲಬ್ ಕೆಳಗಿಳಿಯಲು ತೊಡಗುವಾಗಲೇ.

ಏಳನೆಯ ನಂಬರಿನ ಐರನ್ (ಲೋಹದ ತಲೆಯ, ಮಧ್ಯಮ ಉದ್ದದ ಕ್ಲಬ್) ಹಿಡಿದು, ಚೆಂಡಿಲ್ಲದೆ, ತೀರಾ ನಿಧಾನವಾಗಿ ಬೀಸಿ. ಕ್ಲಬ್ ಮೇಲೆ ಹೋದಾಗ ಭಾರ ಬಲಪಾದದ ಒಳ ಅಂಚಿನಲ್ಲಿರಬೇಕು. ಹೊರ ಅಂಚಿಗೆ ಉರುಳಿದರೆ ನೀವು ತಿರುಗಿಲ್ಲ, ಪಕ್ಕಕ್ಕೆ ಸರಿದಿದ್ದೀರಿ ಎಂದರ್ಥ. ಕೊನೆಯಲ್ಲಿ ಹೊಟ್ಟೆ ಗುರಿಯ ಕಡೆಗೆ ತಿರುಗಿರಬೇಕು, ಬಲಗಾಲಿನ ಬೆರಳ ತುದಿ ಮಾತ್ರ ನೆಲದಲ್ಲಿರಬೇಕು. ಆ ಕಾಲನ್ನು ಎತ್ತಿ ಮೂರು ಎಣಿಸಿ. ನಿಲ್ಲಲಾಗದಿದ್ದರೆ ಇನ್ನೂ ನಿಧಾನ ಮಾಡಿ, ಬಲ ಹೆಚ್ಚಿಸಬೇಡಿ. ಇದೊಂದನ್ನೇ ನಾನು ಆರು ವಾರ ಮಾಡಿದೆ. ಆಮೇಲೆ ಎರಡೂ ಪಾದ ಜೋಡಿಸಿ ಅರ್ಧ ಸ್ವಿಂಗ್‌ನಲ್ಲಿ ಚೆಂಡು ಹೊಡೆಯಿರಿ. ತೋಳು ಅವಸರಪಟ್ಟರೆ ಅಲ್ಲೇ ಮುಗ್ಗರಿಸುತ್ತೀರಿ, ತಪ್ಪು ತಾನಾಗಿ ಗೊತ್ತಾಗುತ್ತದೆ.

ಹಲ್ಲುಜ್ಜುವಾಗ ಒಂಟಿಕಾಲಿನಲ್ಲಿ ಅರ್ಧ ನಿಮಿಷ ನಿಲ್ಲುವುದೂ ಒಳ್ಳೆಯದು. ಕಣ್ಣು ಮುಚ್ಚಿ ನಿಲ್ಲುವುದಾದರೆ ಕೈಗೆ ಗೋಡೆ ಸಿಗುವಂತಿರಲಿ. ತಲೆಸುತ್ತು ಇದ್ದರೆ ಮೊದಲು ವೈದ್ಯರನ್ನು ನೋಡಿ. ಹಾವಸೆ ಹಿಡಿದ ನೆಲದ ಮೇಲೆ ಮಾತ್ರ ಕ್ಲಬ್ ಬೀಸಬೇಡಿ.

ನಾಳೆ ಬರಿಗಾಲಿನಲ್ಲಿ ಹತ್ತು ಸಲ ಬೀಸಿ, ಭಾರ ಹಿಮ್ಮಡಿಗೆ ಹೋಯಿತೋ ಬಲಗಾಲಿನಲ್ಲಿ ಉಳಿಯಿತೋ ತಿಳಿಸಿ. ಅದು ಗೊತ್ತಾದರೆ ಮುಂದಿನದನ್ನು ಇನ್ನಷ್ಟು ವಿವರವಾಗಿ ಬರೆಯುತ್ತೇನೆ.