ಹಾಲು ಹಾಕದ ದಿನ ಪಟ್ಟಿಯಿಂದಲೇ ಮಾಯ! ಲೂಪ್ ಇಲ್ಲದೆ ತರುವುದು ಹೇಗೆ?

ಪ್ರಶ್ನೆ: ನಮ್ಮೂರ ಹಾಲಿನ ಸೊಸೈಟಿಯ ಲೆಕ್ಕ ಮೈಎಸ್‌ಕ್ಯುಎಲ್ ಅನ್ನೋ ಡೇಟಾಬೇಸ್‌ನಲ್ಲಿದೆ. ಯಾರು ಯಾವ ದಿನ ಎಷ್ಟು ಲೀಟರ್ ಹಾಕಿದರು ಅನ್ನೋ ತಿಂಗಳ ಪಟ್ಟಿ ಬೇಕು. ಹಾಕದ ದಿನ ಸೊನ್ನೆ ಬರಬೇಕು, ಆದರೆ ಆ ತಾರೀಖೇ ಬರುವುದಿಲ್ಲ. ಈಗ ಒಬ್ಬೊಬ್ಬ ಸದಸ್ಯರಿಗೂ ದಿನ ದಿನ ಲೂಪ್ (ಅದೇ ಹುಡುಕಾಟ ಮತ್ತೆ ಮತ್ತೆ) ಓಡಿಸುತ್ತಿದ್ದೇನೆ. ತುಂಬಾ ನಿಧಾನ. ಬೇರೆ ದಾರಿ ಇದೆಯಾ?

ಉತ್ತರ: ಖಂಡಿತ ಇದೆ. ಟೇಬಲ್‌ನಲ್ಲೇ ಇಲ್ಲದ ತಾರೀಖನ್ನು ಕ್ವೆರಿ (ಡೇಟಾಬೇಸ್‌ಗೆ ನಾವು ಕೇಳುವ ಪ್ರಶ್ನೆ) ಎಲ್ಲಿಂದ ತಂದೀತು, ಅಲ್ವಾ? ಗೋಡೆಗೆ ಕ್ಯಾಲೆಂಡರ್ ತೂಗುಹಾಕುವ ಹಾಗೆ ಡೇಟಾಬೇಸ್‌ಗೂ ಒಂದು ಕ್ಯಾಲೆಂಡರ್ ಟೇಬಲ್ ಕೊಡಿ. ದಿನಕ್ಕೊಂದು ಸಾಲು. 10 ವರ್ಷಕ್ಕೆ ಹೆಚ್ಚೆಂದರೆ 3,653 ಸಾಲು, ಅಷ್ಟೇ.

ಮೈಎಸ್‌ಕ್ಯುಎಲ್ 8ರಲ್ಲಿ ರಿಕರ್ಸಿವ್ ಸಿಟಿಇ (ಸುತ್ತಿಗೊಂದು ದಿನ ಸೇರಿಸುತ್ತಾ ಹೋಗುವ ಕ್ವೆರಿ) ಬರೆದು ಇದನ್ನು ಒಂದೇ ಸಲಕ್ಕೆ ತುಂಬಬಹುದು. ಆದರೆ 1,000 ಸುತ್ತು ದಾಟಿದರೆ ಎರರ್ ಬರುತ್ತದೆ. ಆ ಮಿತಿಯನ್ನು ಮೊದಲೇ 4,000ಕ್ಕೆ ಏರಿಸಿಕೊಳ್ಳಿ. ಪೋಸ್ಟ್‌ಗ್ರೆಸ್ ಅನ್ನೋ ಇನ್ನೊಂದು ಡೇಟಾಬೇಸ್‌ನಲ್ಲಾದರೆ ಜನರೇಟ್ ಸೀರೀಸ್ ಫಂಕ್ಷನ್ ಸಾಕು.

ಈಗ ಕ್ಯಾಲೆಂಡರಿಗೆ ಸದಸ್ಯರ ಟೇಬಲ್ ಕ್ರಾಸ್ ಜಾಯಿನ್ ಮಾಡಿ. ಎಲ್ಲರಿಗೂ ಎಲ್ಲಾ ದಿನ ಸಿಕ್ಕಿತು. ಅದಕ್ಕೆ ಹಾಲಿನ ಟೇಬಲ್ ಲೆಫ್ಟ್ ಜಾಯಿನ್ ಮಾಡಿ (ಹಾಲು ಇಲ್ಲದಿದ್ದರೂ ಆ ದಿನ ಉಳಿಯುತ್ತದೆ), ಒಬ್ಬೊಬ್ಬರಿಗೂ ದಿನವಾರು ಲೀಟರಿನ ಸಮ್ ತೆಗೆದು, ನಲ್ (ಖಾಲಿ) ಬಂದಲ್ಲಿ ಕೋಅಲೆಸ್ ಫಂಕ್ಷನ್ ಹಾಕಿ ಸೊನ್ನೆ ಮಾಡಿ.

ಜಾಸ್ತಿ ಜನ ಎಡವುವುದು ಇಲ್ಲೇ. ಬೆಳಗಿನ ಹಾಲು ಮಾತ್ರ ಬೇಕು ಅಂತ ಆ ಷರತ್ತನ್ನು ವೇರ್‌ನಲ್ಲಿ (ಜಾಯಿನ್ ಆದ ಮೇಲೆ ಸಾಲು ಸೋಸುವ ಭಾಗ) ಬರೆದರೆ, ಹಾಲು ಹಾಕದ ದಿನ ಮತ್ತೆ ಮಾಯ. ಆ ದಿನ ಬೆಳಗು-ಸಂಜೆಯ ಕಾಲಂ ನಲ್ ಇರುತ್ತದೆ, ವೇರ್ ಅದನ್ನು ಹೊರಗೆ ಹಾಕುತ್ತದೆ. ಷರತ್ತು ಜಾಯಿನ್ ಜೊತೆ ಬರುವ ಆನ್‌ನಲ್ಲೇ ಇರಲಿ. ಎಷ್ಟು ಸಲ ಹಾಕಿದರು ಅಂತ ಎಣಿಸುವಾಗಲೂ ಕೌಂಟ್ ಸ್ಟಾರ್ (ಸಾಲುಗಳನ್ನೆಲ್ಲ ಎಣಿಸುವುದು) ಬೇಡ, ಖಾಲಿ ದಿನಕ್ಕೂ 1 ಅಂತ ತೋರಿಸುತ್ತದೆ. ಹಾಲಿನ ಟೇಬಲ್‌ನ ಐಡಿ ಎಣಿಸಿ.

ತಾರೀಖಿನ ಜೊತೆ ಗಂಟೆಯೂ ಇದ್ದರೆ ಬಿಟ್ವೀನ್ ಬಳಸಬೇಡಿ. ಫೆಬ್ರುವರಿ 1 ಮತ್ತು 28ರ ನಡುವೆ ಎಂದರೆ 28 ಶುರುವಾಗುವ ಮಧ್ಯರಾತ್ರಿ 12ಕ್ಕೇ ಲೆಕ್ಕ ಮುಗಿಯುತ್ತದೆ. ಆ ದಿನದ ಹಾಲೆಲ್ಲ ಹೊರಗೆ. ಫೆಬ್ರುವರಿ 1ರಿಂದ, ಮಾರ್ಚ್ 1ಕ್ಕಿಂತ ಕಡಿಮೆ ಅಂತ ಬರೆಯಿರಿ. ಕಾಲಂ ಮೇಲೆ ಡೇಟ್ ಫಂಕ್ಷನ್ ಸುತ್ತಬೇಡಿ, ಸಾಮಾನ್ಯ ಇಂಡೆಕ್ಸ್ (ಬೇಗ ಹುಡುಕಲು ಇರುವ ಸೂಚಿ) ಕೆಲಸಕ್ಕೆ ಬರುವುದಿಲ್ಲ.

ಕ್ಯಾಲೆಂಡರ್ ಟೇಬಲ್‌ಗೆ ಹಬ್ಬದ ಕಾಲಂ ಕೂಡ ಸೇರಿಸಿ. ಯುಗಾದಿ 2024ರಲ್ಲಿ ಏಪ್ರಿಲ್ 9ಕ್ಕೆ, 2025ರಲ್ಲಿ ಮಾರ್ಚ್ 30ಕ್ಕೆ ಬಂತು. ಅಂದರೆ 2024-25ರ ಲೆಕ್ಕದ ವರ್ಷದಲ್ಲಿ ಎರಡು ಯುಗಾದಿ, ಅದರ ಹಿಂದಿನ ವರ್ಷ ಒಂದೂ ಇಲ್ಲ! ಆ ಎರಡು ವರ್ಷಗಳನ್ನು ಹೋಲಿಸುವಾಗ ಈ ಕಾಲಂ ನಿಮಗೆ ಬೇಕೇ ಬೇಕು.