ಅಪಘಾತವಾದ ಕಾರಿನ ರಿಪೇರಿ: ಸಹಿ ಹಾಕುವ ಮೊದಲು ಕೇಳಿ ಪಡೆಯಬೇಕಾದ ಕಾಗದಗಳು

ನಮಸ್ಕಾರ ಸರ್. ಕಡೂರಿನ ಬಳಿ ಗೂಡ್ಸ್ ಟೆಂಪೊ ತಾಗಿ ತಮ್ಮ ನಾಲ್ಕೂವರೆ ವರ್ಷದ ಕಾರಿನ ಎಡಭಾಗ ಜಖಂ ಆಗಿದೆ, ವಿಮೆಯ ಹಣ ಕಳೆದು ತಾವು 32,000 ರೂಪಾಯಿ ಕಟ್ಟಬೇಕೆಂದು ಷೋರೂಮಿನವರು ಲೆಕ್ಕ ತೋರಿಸದೆಯೇ ಹೇಳಿದ್ದಾರೆ, ಪರಿಚಯದ ಗ್ಯಾರೇಜಿಗೆ ಒಯ್ದರೆ ವಿಮೆ ಸಿಗುವುದಿಲ್ಲ ಎಂದಿದ್ದಾರೆ ಎಂದು ಬರೆದಿದ್ದೀರಿ. ಯಾರಿಗೂ ಪೆಟ್ಟಾಗಿಲ್ಲವೆಂಬುದು ಸಮಾಧಾನದ ಸಂಗತಿ. ಹಾನಿಯನ್ನು ಅಂದಾಜು ಮಾಡಲು ವಿಮಾ ಕಂಪನಿ ನೇಮಿಸುವ ಸರ್ವೇಯರ್ ಇನ್ನೂ ಬಂದಿಲ್ಲ, ಕಾರನ್ನು ಬಿಚ್ಚಿಯೂ ಇಲ್ಲವಾದ್ದರಿಂದ ಎಲ್ಲವೂ ಇನ್ನೂ ತಮ್ಮ ಕೈಯಲ್ಲಿದೆ. ಇಂಥ ಪ್ರಕರಣಗಳಲ್ಲಿ ವಾಹನ ಮಾಲೀಕರ ಹಕ್ಕು ಕೈತಪ್ಪುವುದು ಬಹುಪಾಲು ಈ ಹಂತದಲ್ಲಿಯೇ, ಅದೂ ಓದದೆ ಹಾಕಿದ ಸಹಿಯಿಂದ.

ಮೊದಲು ಗ್ಯಾರೇಜಿನ ವಿಷಯ. ಷೋರೂಮಿನಲ್ಲಿಯೇ ರಿಪೇರಿ ಆಗಬೇಕೆಂಬ ನಿಯಮವಿಲ್ಲ. ವಿಮಾ ಕಂಪನಿಯ ಪಟ್ಟಿಯಲ್ಲಿರುವ ಗ್ಯಾರೇಜಾದರೆ ಕ್ಯಾಶ್‌ಲೆಸ್ ಸೌಲಭ್ಯ ಸಿಗುತ್ತದೆ; ಬೇರೆ ಗ್ಯಾರೇಜಾದರೆ ತಾವೇ ಮೊದಲು ಹಣ ಕಟ್ಟಿ, ಜಿಎಸ್‌ಟಿ ಬಿಲ್ಲು ಮತ್ತು ರಸೀದಿ ಸಲ್ಲಿಸಿ ಹಣ ವಾಪಸು ಪಡೆಯಬೇಕಾಗುತ್ತದೆ. ಕೆಲವು ಪಾಲಿಸಿಗಳಲ್ಲಿ ಪಟ್ಟಿಯ ಹೊರಗಿನ ಗ್ಯಾರೇಜಿಗೆ ಹೆಚ್ಚುವರಿ ಕಡಿತದ ಷರತ್ತು ಇರುವುದುಂಟು, ಆದ್ದರಿಂದ ತಮ್ಮ ಪಾಲಿಸಿಯನ್ನು ಒಮ್ಮೆ ಓದಿ ನೋಡಿ. ನನ್ನ ಅಭಿಪ್ರಾಯ ಕೇಳುವುದಾದರೆ, ಏರ್‌ಬ್ಯಾಗ್, ಸೆನ್ಸರ್ ಅಥವಾ ಚಾಸಿಗೆ ಏಟು ಬಿದ್ದಿದ್ದರೆ ಅಧಿಕೃತ ಸರ್ವಿಸ್ ಸೆಂಟರೇ ಸರಿ. ಬರಿಯ ಟಿಂಕರಿಂಗ್ ಮತ್ತು ಪೇಂಟಿಂಗ್ ಆದರೆ ಒಳ್ಳೆಯ ಸ್ಥಳೀಯ ಗ್ಯಾರೇಜು ಯಾವುದರಲ್ಲಿಯೂ ಕಡಿಮೆಯಲ್ಲ.

ಎಲ್ಲಿ ಮಾಡಿಸಿದರೂ ಸರ್ವೇಯರ್ ಬಂದು ನೋಡುವ ತನಕ ಒಂದು ಬೋಲ್ಟನ್ನೂ ಬಿಚ್ಚಲು ಬಿಡಬೇಡಿ. ನಾಲ್ಕೂ ಕಡೆಯಿಂದ ಫೋಟೊ ತೆಗೆದಿಡಿ, ಓಡೋಮೀಟರಿನದೂ ಇರಲಿ. ವಿಮಾ ನಿಯಂತ್ರಣ ಪ್ರಾಧಿಕಾರವು 2024ರಲ್ಲಿ ಹೊರಡಿಸಿದ ಸುತ್ತೋಲೆಯ ಪ್ರಕಾರ, ಸರ್ವೇಯರ್ ಬೇಕಾದ ಪ್ರಕರಣಗಳಲ್ಲಿ ಕ್ಲೇಮ್ ತಿಳಿಸಿದ 24 ಗಂಟೆಯೊಳಗೆ ಅವರನ್ನು ನೇಮಿಸಬೇಕು, 15 ದಿನದೊಳಗೆ ವರದಿ ಪಡೆಯಬೇಕು, ವರದಿ ಬಂದ 7 ದಿನದೊಳಗೆ ತೀರ್ಮಾನ ತಿಳಿಸಬೇಕು. ಇನ್ನೊಂದು ಎಚ್ಚರಿಕೆ: ರೇಡಿಯೇಟರ್ ಸೋರುತ್ತಿದ್ದರೂ ಹಾಗೆಯೇ ಓಡಿಸಿಕೊಂಡು ಹೋಗಿ ಎಂಜಿನ್ ಸೀಜ್ ಆದರೆ, ಆ ಹೆಚ್ಚುವರಿ ಹಾನಿಯನ್ನು ವಿಮೆ ಭರಿಸುವುದಿಲ್ಲ. ಟೋಯಿಂಗ್ ಮಾಡಿಸುವುದೇ ಸುರಕ್ಷಿತ.

ಈಗ 32,000 ರೂಪಾಯಿಯ ಮಾತಿಗೆ ಬರೋಣ. ತಮ್ಮ ಪಾಲು ಎಷ್ಟೆಂಬುದು ಸರ್ವಿಸ್ ಅಡ್ವೈಸರ್ ಬಾಯಲ್ಲಿ ಹೇಳಿ ಮುಗಿಸುವ ಮೊತ್ತವಲ್ಲ. ಅದಕ್ಕೆ ಕಟ್ಟುನಿಟ್ಟಾದ ಲೆಕ್ಕವಿದೆ. ಜೀರೋ ಡೆಪ್ (ಸವಕಳಿ, ಅಂದರೆ ಭಾಗಗಳು ಹಳೆಯದಾದಂತೆ ಇಳಿಯುವ ಬೆಲೆಯನ್ನು ಕಳೆಯದಿರುವ ಹೆಚ್ಚುವರಿ ರಕ್ಷಣೆ) ಇಲ್ಲದ ಸಾಮಾನ್ಯ ಪಾಲಿಸಿಯಲ್ಲಿ ಹೊಸದಾಗಿ ಹಾಕುವ ಪ್ಲಾಸ್ಟಿಕ್, ರಬ್ಬರ್ ಭಾಗಗಳು, ಟಯರ್, ಬ್ಯಾಟರಿ ಮತ್ತು ಏರ್‌ಬ್ಯಾಗ್‌ಗಳಿಗೆ ಶೇ. 50, ಫೈಬರ್ ಗ್ಲಾಸ್ ಭಾಗಗಳಿಗೆ ಶೇ. 30 ಸವಕಳಿ ಕಳೆಯುತ್ತಾರೆ. ಗಾಜಿಗೆ ಕಡಿತವೇ ಇಲ್ಲ. ಲೋಹದ ಭಾಗಗಳಿಗೆ ವಾಹನದ ವಯಸ್ಸಿಗೆ ತಕ್ಕಂತೆ ಕಡಿತವಿದ್ದು, ನಾಲ್ಕರಿಂದ ಐದು ವರ್ಷದ ಕಾರಿಗೆ ಅದು ಶೇ. 35. ಪೇಂಟಿಂಗ್ ಬಿಲ್ಲಿನ ಕಾಲು ಭಾಗವನ್ನು ಬಣ್ಣದ ಸಾಮಗ್ರಿಯೆಂದು ಪರಿಗಣಿಸಿ ಅದರಲ್ಲಿ ಅರ್ಧ ಕಳೆಯುತ್ತಾರೆ. ಡೆಂಟ್ ತೆಗೆಯುವ ಕೂಲಿಗೆ ಸವಕಳಿ ಇಲ್ಲ. ಪ್ರತಿ ಕ್ಲೇಮಿನಲ್ಲಿಯೂ ಮಾಲೀಕರೇ ಭರಿಸಬೇಕಾದ ಕಡ್ಡಾಯ ಕಡಿತವು 1500 ಸಿಸಿವರೆಗಿನ ಕಾರಿಗೆ 1,000 ರೂಪಾಯಿ, ಅದಕ್ಕಿಂತ ದೊಡ್ಡದಕ್ಕೆ 2,000 ರೂಪಾಯಿ.

ಉದಾಹರಣೆಗೆ, ಬಂಪರ್ ಮುಂತಾದ ಪ್ಲಾಸ್ಟಿಕ್ ಭಾಗಗಳಿಗೆ 17,000, ಫೆಂಡರ್ ಮತ್ತು ಬಾಗಿಲಿಗೆ 18,000, ಪೇಂಟಿಂಗಿಗೆ 20,000 ಆಯಿತೆನ್ನಿ. ತಮ್ಮ ಪಾಲು ಕ್ರಮವಾಗಿ 8,500, 6,300 ಮತ್ತು 2,500. ಕಡ್ಡಾಯ ಕಡಿತದ 1,000 ಸೇರಿದರೆ ಜಿಎಸ್‌ಟಿ ಬಿಟ್ಟು 18,300 ರೂಪಾಯಿ. ಎಂಜಿನ್ ಆಯಿಲ್, ಕೂಲಂಟ್, ನಟ್ಟು ಬೋಲ್ಟುಗಳ ಖರ್ಚು ಪ್ರತ್ಯೇಕ ಆಡ್-ಆನ್ (ಹೆಚ್ಚುವರಿ ಪ್ರೀಮಿಯಂ ಕೊಟ್ಟು ಪಡೆಯುವ ರಕ್ಷಣೆ) ಇಲ್ಲದಿದ್ದರೆ ತಮ್ಮದೇ. ಇದರಾಚೆಗೆ ಉಳಿಯುವ ಮೊತ್ತವು ಹೆಚ್ಚಾಗಿ ಒಂದೇ ಕಡೆಯಿಂದ ಹುಟ್ಟುತ್ತದೆ: ಷೋರೂಮಿನವರು ಬಾಗಿಲನ್ನೇ ಬದಲಿಸಬೇಕೆಂದು ಎಸ್ಟಿಮೇಟಿನಲ್ಲಿ ಬರೆದಿರುತ್ತಾರೆ, ಸರ್ವೇಯರ್ ರಿಪೇರಿ ಸಾಕೆಂದು ಕೂಲಿಯನ್ನಷ್ಟೇ ಒಪ್ಪಿರುತ್ತಾರೆ, ನಡುವಿನ ವ್ಯತ್ಯಾಸ ಮಾಲೀಕರ ತಲೆಗೆ ಬರುತ್ತದೆ. ಆದ್ದರಿಂದ ಪ್ರತಿಯೊಂದು ಭಾಗದ ಎದುರು ಷೋರೂಮು ಕೇಳಿದ್ದೆಷ್ಟು, ಸರ್ವೇಯರ್ ಒಪ್ಪಿದ್ದೆಷ್ಟು, ತಾವು ಕಟ್ಟಬೇಕಾದದ್ದೆಷ್ಟು ಎಂದು ಮೂರು ಕಾಲಂ ಇರುವ ಪಟ್ಟಿಯನ್ನು ಲಿಖಿತವಾಗಿ ಕೇಳಿ. ಅದು ಕೈಗೆ ಬಂದ ಮೇಲೆಯೇ ಕೆಲಸಕ್ಕೆ ಒಪ್ಪಿಗೆ ಕೊಡಿ. ಜೀರೋ ಡೆಪ್ ಇದ್ದರೆ ಸವಕಳಿಯ ಭಾರವೆಲ್ಲ ಬಹುತೇಕ ಇಳಿಯುತ್ತದೆ; ಆಗಂತೂ 32,000ಕ್ಕೆ ವಿವರಣೆ ಕೇಳಲೇಬೇಕು.

ಖಾಲಿ ಕ್ಲೇಮ್ ಫಾರಂ ಮೇಲೆ ಸಹಿ ಹಾಕಬೇಡಿ. ಅಪಘಾತ ಹೇಗಾಯಿತೆಂಬ ವಿವರವನ್ನು ತಾವೇ, ನಡೆದದ್ದು ನಡೆದಂತೆ ಬರೆಯಿರಿ. ಕ್ಲೇಮ್ ಬೇಗ ಪಾಸಾಗಲೆಂದು ಅಡ್ವೈಸರ್ ಕಥೆ ಬದಲಿಸಿ ಬರೆದರೆ, ಸುಳ್ಳು ಮಾಹಿತಿಯ ಹೊಣೆ ಸಹಿ ಹಾಕಿದ ತಮ್ಮದೇ ಆಗುತ್ತದೆ. ಬಿಚ್ಚಿದ ಮೇಲೆ ಒಳಗಿನ ಹಾನಿ ಕಂಡರೆ ಸಪ್ಲಿಮೆಂಟರಿ ಎಸ್ಟಿಮೇಟ್ ಹಾಕಿಸಿ ಸರ್ವೇಯರ್‌ಗೆ ಮತ್ತೆ ತೋರಿಸಬೇಕು. ಬದಲಿಸಿದ ಹಳೆಯ ಭಾಗಗಳನ್ನು ಕಣ್ಣಾರೆ ನೋಡಿ, ಏಕೆಂದರೆ ಬದಲಿಸಿದ್ದೇವೆಂದು ಬಿಲ್ ಮಾಡಿದ ಭಾಗ ಬರಿಯ ಬಣ್ಣ ಬಳಿದುಕೊಂಡು ಕೂತಿರಲೂಬಹುದು.

ಬಿಲ್ಲಿನ ಬಗ್ಗೆ ತಕರಾರಿದ್ದರೂ ಕಾರನ್ನು ಬಲವಂತವಾಗಿ ಬಿಡಿಸಿಕೊಳ್ಳಲು ಹೋಗಬೇಡಿ. 1872ರ ಕರಾರು ಕಾಯಿದೆಯ 170ನೇ ಕಲಂ ಪ್ರಕಾರ, ಮಾಡಿದ ಕೆಲಸದ ಹಣ ಬರುವವರೆಗೆ ವಾಹನವನ್ನು ಇರಿಸಿಕೊಳ್ಳುವ ಹಕ್ಕು ಗ್ಯಾರೇಜಿಗಿದೆ. ತಕರಾರನ್ನು ಇಮೇಲಿನಲ್ಲಿ ದಾಖಲಿಸಿ, ಆಕ್ಷೇಪಣೆಗೆ ಒಳಪಟ್ಟು ಪಾವತಿಸುತ್ತಿದ್ದೇನೆಂದು ಬರೆದು ಹಣ ಕಟ್ಟಿ ಕಾರು ತನ್ನಿ. ವಿಮಾ ಕಂಪನಿಯ ಡಿಸ್‌ಚಾರ್ಜ್ ವೋಚರ್‌ಗೆ (ಕ್ಲೇಮ್ ಹಣ ಒಪ್ಪಿಕೊಂಡೆನೆಂಬ ಪತ್ರಕ್ಕೆ) ಸಹಿ ಹಾಕಿದ ಮಾತ್ರಕ್ಕೆ ಹೆಚ್ಚಿನ ಪರಿಹಾರ ಕೇಳುವ ಹಕ್ಕು ಹೋಗುವುದಿಲ್ಲ.

ವಿಮಾ ಕಂಪನಿಗೆ ಕೊಟ್ಟ ಲಿಖಿತ ದೂರಿಗೆ ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಸಮಾಧಾನ ತರದಿದ್ದರೆ, ವಿಮಾ ಕಂಪನಿಗಳ ಮೇಲಿನ ದೂರುಗಳನ್ನು ಇತ್ಯರ್ಥಪಡಿಸುವ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಶುಲ್ಕವಿಲ್ಲದೆ ಅರ್ಜಿ ಹಾಕಬಹುದು. ಷೋರೂಮಿನ ಮೇಲಿನ ದೂರು ಅಲ್ಲಿಗೆ ಸಲ್ಲದು. ಅದಕ್ಕೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915, ಆಮೇಲೆ ಜಿಲ್ಲಾ ಗ್ರಾಹಕರ ಆಯೋಗ. ಅಲ್ಲಿ ವಕೀಲರಿಲ್ಲದೆಯೂ ವಾದಿಸಬಹುದು, ಎರಡು ವರ್ಷದ ಅವಧಿಯಿದೆ. ಟೆಂಪೊದವರ ತಪ್ಪೆಂದು ಪೊಲೀಸ್ ದಾಖಲೆ ಇದ್ದರೆ, ವಿಮೆಯಿಂದ ಬಾರದ ನಷ್ಟವನ್ನು ಅವರಿಂದಲೂ ಅವರ ವಿಮಾ ಕಂಪನಿಯಿಂದಲೂ ಮೋಟಾರು ಅಪಘಾತ ನ್ಯಾಯಮಂಡಳಿಯಲ್ಲಿ ಕೇಳಲು ಅವಕಾಶವಿದೆ, ಆದರೆ ಸಣ್ಣ ಮೊತ್ತಕ್ಕೆ ಆ ಅಲೆದಾಟವನ್ನು ನಾನು ಸೂಚಿಸಲಾರೆ.

ಎಸ್ಟಿಮೇಟ್ ಪಟ್ಟಿ ಸಿಕ್ಕ ಕೂಡಲೇ ವಾಹನದ ಮತ್ತು ಪಾಲಿಸಿಯ ಸಂಖ್ಯೆಗಳನ್ನು ಮರೆಮಾಡಿ ಇಲ್ಲಿ ಹಾಕಿ. ಯಾವ ಸಾಲು ಪ್ರಶ್ನಿಸಬೇಕು, ಯಾವುದು ಸರಿಯಾಗಿದೆ ಎಂದು ಒಂದೊಂದಾಗಿ ನೋಡೋಣ.