ಅಮ್ಮನಿಗೆ ಎಲ್ಲಾ ಗೊತ್ತಿದೆ, ಹೆಸರೊಂದು ಬರುತ್ತಿಲ್ಲ: ಯಾಕೆ?

ನಿಮ್ಮ ಅಮ್ಮನಿಗೆ 68 ವರ್ಷ. ಮಾತಿನ ಮಧ್ಯೆ ಹೆಸರು ಸಿಗದೆ "ಅದೇ... ಅವನು ಕಣೋ... ಅದು ಕೊಡು" ಎನ್ನುತ್ತಾರೆ. ಆದರೆ ಹರಿಕಥೆ ಕೇಳಿ ಬಂದರೆ ಒಂದೂ ಬಿಡದೆ ಒಪ್ಪಿಸುತ್ತಾರೆ. ಅರ್ಥವಾಗುವುದು ಸರಿಯಿದ್ದು ಹೇಳುವುದು ಮಾತ್ರ ಯಾಕೆ ಕೈಕೊಡುತ್ತದೆ, ಇದು ಮರೆವಿನ ಕಾಯಿಲೆಯಾ ಅಂತ ಕೇಳಿದ್ದೀರಿ. ನಾನು ಡಾಕ್ಟರಲ್ಲ. 67ರ ನಿವೃತ್ತ ಹೈಸ್ಕೂಲ್ ವಿಜ್ಞಾನ ಮೇಷ್ಟ್ರು. ಮಗಳು ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ಓದಿ ಸ್ಪೀಚ್ ಥೆರಪಿಸ್ಟ್ ಆಗಿದ್ದಾಳೆ. ನನಗೂ ಇದೇ ಶುರುವಾದಾಗ ಅವಳ ತಲೆ ತಿಂದು ತಿಳಿದದ್ದು, ಆಮೇಲೆ ನಾನೇ ಹುಡುಕಿ ಓದಿದ್ದು ಒಂದಷ್ಟಿದೆ.

ಹೋದ ವರ್ಷ ತಿಪಟೂರಿನ ಛತ್ರವೊಂದರಲ್ಲಿ ಮದುವೆ. ಪಂಕ್ತಿಯಲ್ಲಿ ಎಲೆ ಮುಂದೆ ಕೂತಿದ್ದೆ. ಒಬ್ಬ ಬಂದು ಬಗ್ಗಿ ನಮಸ್ಕಾರ ಮಾಡಿದ. "ಸಾರ್, ಗುರುತು ಸಿಕ್ತಾ?" ಸಿಗದೇ ಏನು! ಎರಡನೇ ಬೆಂಚು, ಗೋಡೆ ಪಕ್ಕ. ಅಪ್ಪನದು ಸೈಕಲ್ ಶಾಪ್. ಲ್ಯಾಬಿನಲ್ಲಿ ಬೀಕರ್ ಒಡೆದು ನನ್ನ ಕೈಲಿ ಬೈಸಿಕೊಂಡು ಅತ್ತಿದ್ದ. ಎಲ್ಲಾ ಕಣ್ಣ ಮುಂದೆ ಇದೆ, ಹೆಸರು ಮಾತ್ರ ಇಲ್ಲ. 'ಮ'ದಿಂದ ಶುರು ಅಂತ ಗೊತ್ತು. ಉದ್ದನೆಯ ಹೆಸರು ಅಂತಲೂ ಗೊತ್ತು. ಮಲ್ಲಿಕಾರ್ಜುನ ಅಂತ ಬಾಯಿಗೆ ಬರುತ್ತದೆ, ಅಲ್ಲ ಅಂತ ಮನಸ್ಸು ಹೇಳುತ್ತದೆ, ಮತ್ತೆ ಅದೇ ಮಲ್ಲಿಕಾರ್ಜುನ ಬಂದು ಬಾಗಿಲಿಗೆ ಅಡ್ಡ ನಿಲ್ಲುತ್ತಾನೆ. ಹೋಳಿಗೆಗೆ ತುಪ್ಪ ಬಡಿಸಿದ್ದೂ ಗೊತ್ತಾಗಲಿಲ್ಲ. ರಾತ್ರಿ 11ಕ್ಕೆ ಸೊಳ್ಳೆಪರದೆ ಕಟ್ಟುವಾಗ ಸುಮ್ನೆ, ತಾನಾಗಿ ಬಂತು: ಮೃತ್ಯುಂಜಯ.

ಇದು ವಯಸ್ಸಾದವರಿಗೆ ಮಾತ್ರ ಆಗುವುದಲ್ಲ. 1966ರಲ್ಲಿ ಹಾರ್ವರ್ಡ್‌ನ ಮನಶ್ಶಾಸ್ತ್ರಜ್ಞರಾದ ಬ್ರೌನ್ ಮತ್ತು ಮೆಕ್‌ನೀಲ್ ಕಾಲೇಜು ಹುಡುಗರಿಗೆ ಅಪರೂಪದ ಪದಗಳ ಅರ್ಥ ಓದಿ ಹೇಳಿ, ಪದ ಯಾವುದು ಅಂತ ಕೇಳಿದರು. ನಾಲಿಗೆ ತುದಿಯಲ್ಲಿದ್ದೂ ಹೊರಬರದಾಗ ಆ ಹುಡುಗರೂ ಮೊದಲ ಅಕ್ಷರವನ್ನು, ಪದದ ಉದ್ದವನ್ನು ಎಷ್ಟೋ ಸಲ ಸರಿಯಾಗಿ ಹೇಳಿದರು. ವಯಸ್ಸಾದಂತೆ ಇದು ಜಾಸ್ತಿಯಾಗುತ್ತದೆ, ಅಷ್ಟೇ. 1991ರಲ್ಲಿ ಡೆಬೋರಾ ಬರ್ಕ್, ಡೊನಾಲ್ಡ್ ಮೆಕೆ ಮತ್ತು ಜೊತೆಗಾರರು ಜನರ ಕೈಲಿ ಡೈರಿ ಬರೆಸಿ ನೋಡಿದಾಗ, ಹಿರಿಯರಿಗೆ ಹೆಚ್ಚು ಕೈಕೊಟ್ಟದ್ದು ವ್ಯಕ್ತಿಗಳ ಹೆಸರುಗಳೇ.

ಬರ್ಕ್ ತಂಡ ಕೊಟ್ಟ ವಿವರಣೆಯನ್ನು ನಮ್ಮ ಕಡೆ ಭಾಷೆಯಲ್ಲಿ ಹೇಳುತ್ತೇನೆ. ಅರ್ಥ ಅನ್ನುವುದು ಕೆರೆ. ಪದದ ಸದ್ದು ಕೆಳಗಿನ ಗದ್ದೆ. ನಡುವೆ ಕಾಲುವೆ. ದಿನಾ ಬಳಸುವ ಪದದ ಕಾಲುವೆಯಲ್ಲಿ ನೀರು ಹರಿಯುತ್ತಲೇ ಇರುತ್ತದೆ. ವರ್ಷಗಟ್ಟಲೆ ಬಳಸದ ಪದದ ಕಾಲುವೆಯಲ್ಲಿ ಹೂಳು ತುಂಬುತ್ತದೆ, ವಯಸ್ಸಾದಂತೆ ಆ ಹೂಳು ಬೇಗ ಕೂರುತ್ತದೆ. ಕೆರೆ ಖಾಲಿಯಾಗಿರುವುದಿಲ್ಲ.

ಹಾಗಾದರೆ ಕೇಳಿದರೆ ಹೇಗೆ ಅರ್ಥವಾಗುತ್ತದೆ? ಕೇಳುವಾಗ ಸದ್ದು ಹೊರಗಿನಿಂದ ಸಿದ್ಧವಾಗಿಯೇ ಬರುತ್ತದೆ. ಹಿಂದಿನ ಮಾತು, ಸಂದರ್ಭ, ಹೇಳುವವರ ಮುಖ ಎಲ್ಲಾ ಸೇರಿ ಒಂದೇ ಅರ್ಥದ ಕಡೆ ತಳ್ಳುತ್ತವೆ. ಒಂದು ದಾರಿ ಮುಚ್ಚಿದ್ದರೆ ಇನ್ನೊಂದಿರುತ್ತದೆ. ಹೇಳುವಾಗ ಆ ಅನುಕೂಲವಿಲ್ಲ, ಒಂದೊಂದು ಸದ್ದನ್ನೂ ಒಳಗಿನಿಂದಲೇ ಎಬ್ಬಿಸಬೇಕು. ಹೆಸರಿಗಂತೂ ಇರುವುದೇ ಒಂದು ಎಳೆ. ಒಬ್ಬರು ಕುಂಬಾರಿಕೆ ಮಾಡುವವರು ಅಂದರೆ ಮಣ್ಣು, ತಿಗರಿ, ಮಡಕೆ ಎಲ್ಲಾ ನೆನಪಾಗುತ್ತದೆ. ಅಡ್ಡಹೆಸರು ಕುಂಬಾರ, ಕೆಲಸ ಬ್ಯಾಂಕಿನಲ್ಲಿ ಅಂದರೆ ಹಿಡಿಯಲು ಏನೂ ಇಲ್ಲ. 1987ರಲ್ಲಿ ಬ್ರಿಟನ್ನಿನ ಸಂಶೋಧಕರು ಇಂಗ್ಲಿಷಿನ 'ಬೇಕರ್' ಥರದ ಪದಗಳಲ್ಲಿ ಇದನ್ನೇ ಕಂಡರು. ಪದ ಅದೇ, ಆದರೂ ಕಸುಬಾಗಿ ಹೇಳಿದ್ದು ನೆನಪಿಗೆ ಬಂದಷ್ಟು ಸುಲಭವಾಗಿ ಹೆಸರಾಗಿ ಹೇಳಿದ್ದು ಬರಲಿಲ್ಲ.

ಮಿದುಳಿನೊಳಗೆ ಇಣುಕಿ ನೋಡಿದವರೂ ಇದ್ದಾರೆ. 2007ರಲ್ಲಿ ಕೇಂಬ್ರಿಜ್ ತಂಡವೊಂದು, ಎಡಗಡೆಯ ಇನ್ಸುಲಾ ಅನ್ನುವ ಭಾಗ ಸವೆದಷ್ಟೂ ಈ ತಡವರಿಕೆ ಜಾಸ್ತಿ ಅಂತ ಕಂಡಿತು. ಪದದ ಸದ್ದು ಜೋಡಿಸುವ ಕೆಲಸದಲ್ಲಿ ಅದಕ್ಕೆ ಪಾಲಿದೆ. ಶಬ್ದಭಂಡಾರ ಮಾತ್ರ ಅರವತ್ತು ದಾಟಿದರೂ ಕುಗ್ಗುವುದಿಲ್ಲ, ಬೆಳೆಯುವುದೂ ಉಂಟು. ಪದಬಂಧ ಬಿಡಿಸುವುದರಲ್ಲಿ ನನ್ನ ಹೆಂಡತಿಯನ್ನು ಮೊಮ್ಮಕ್ಕಳು ಇನ್ನೂ ಸೋಲಿಸಿಲ್ಲ.

ಹಾಗಂತ ಅರ್ಥಮಾಡಿಕೊಳ್ಳುವುದು ಪೂರ್ತಿ ಸಲೀಸೂ ಅಲ್ಲ. ಮೊದಲ ತಕರಾರು ಕಿವಿಯದು. ವಯಸ್ಸಾದಂತೆ ತೆಳು ದನಿಯ ಸದ್ದುಗಳು ಮೊದಲು ಮಾಯವಾಗುತ್ತವೆ, 'ಸ'ಕಾರ ಅಂಥದ್ದು. ಮಿಕ್ಸಿ ಓಡುತ್ತಿದ್ದಾಗ ನನ್ನವಳು "ಸೊಪ್ಪು ತನ್ನಿ" ಅಂದಿದ್ದಾಳೆ, ನಾನು ಉಪ್ಪು ತಂದಿದ್ದೇನೆ. ಆ ದಿನ ನನ್ನ ಮಿದುಳಿನ ಬಗ್ಗೆ ಮನೆಯಲ್ಲಿ ಚರ್ಚೆ ನಡೆಯಿತು, ತಪ್ಪು ಕಿವಿಯದಾಗಿತ್ತು! ಇನ್ನೊಂದು, ಉದ್ದ ವಾಕ್ಯ. ಕನ್ನಡದಲ್ಲಿ ಕ್ರಿಯಾಪದ ಬರುವುದು ಕೊನೆಗೆ. "ಮೊನ್ನೆ ಗೃಹಪ್ರವೇಶಕ್ಕೆ ಬಂದಿದ್ದ ನಿಮ್ಮ ತಮ್ಮನ ಸೊಸೆಯ ಅಣ್ಣ ಹೇಳಿದ ಡಾಕ್ಟರ ಹತ್ತಿರ..." ಅಂತ ಎಳೆದರೆ, "ಹೋಗಬೇಡಿ" ಅನ್ನುವ ತನಕ ಅಷ್ಟನ್ನೂ ತಲೆಯಲ್ಲಿ ಹೊತ್ತಿರಬೇಕು. ಆ ಹೊರುವ ಶಕ್ತಿ ವಯಸ್ಸಿಗೆ ತಗ್ಗುತ್ತದೆ. ತುಂಡು ಮಾಡಿ ಹೇಳಿ, ಎದುರು ನಿಂತು ಹೇಳಿ. ಮಗುವಿಗೆ ಹೇಳಿದ ಹಾಗೆ ದನಿ ಕೀರಲಾಗಿಸಿ ರಾಗ ಎಳೆಯಬೇಡಿ. ಕೀರಲು ದನಿ ಹಳೆಯ ಕಿವಿಗೆ ಇನ್ನೂ ಕಷ್ಟ, ಸಿಟ್ಟೂ ಬರುತ್ತದೆ.

ಎರಡು ಭಾಷೆ ಆಡಿದರೆ ಒಳ್ಳೆಯದಂತೆ ಅಂತಲೂ ಕೇಳಿದ್ದೀರಿ. ಈಗ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿರುವ ನರರೋಗ ತಜ್ಞೆ ಸುವರ್ಣ ಅಲ್ಲಾಡಿ ಮತ್ತು ತಂಡ ಹೈದರಾಬಾದಿನಲ್ಲಿ 648 ಡಿಮೆನ್ಶಿಯಾ (ಮರೆವಿನ ಕಾಯಿಲೆ) ರೋಗಿಗಳನ್ನು ನೋಡಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದೇ ಭಾಷೆಯವರಿಗಿಂತ ಎರಡು ಭಾಷೆ ಬಲ್ಲವರಲ್ಲಿ ಕಾಯಿಲೆ ಸುಮಾರು 4.5 ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಶಾಲೆಗೆ ಹೋಗದವರಲ್ಲೂ ಹಾಗೇ ಇತ್ತು. ಎಲ್ಲಾ ಅಧ್ಯಯನಗಳೂ ಇದನ್ನು ಒಪ್ಪುವುದಿಲ್ಲ. ಅಮ್ಮ ಪಕ್ಕದ ಮನೆಯವರ ಜೊತೆ ತೆಲುಗಿನಲ್ಲಿ ಹರಟುತ್ತಾರೆ ಅಂದಿರಲ್ಲ, ಹರಟಲಿ ಬಿಡಿ.

ಇನ್ನು ಹೆದರಿಕೆಯ ವಿಷಯ. ಪರಿಚಯದವರ ಹೆಸರು ತಡವಾಗಿ ಬಂದರೆ ನಾನು ತಲೆಕೆಡಿಸಿಕೊಳ್ಳುವುದಿಲ್ಲ. ಲೋಟ, ಬಾಚಣಿಗೆಯಂಥ ದಿನಬಳಕೆಯ ಪದಗಳೇ ಹೋಗುತ್ತಿದ್ದರೆ, ಕೇಳಿದ್ದನ್ನೇ ಹತ್ತು ನಿಮಿಷಕ್ಕೊಮ್ಮೆ ಕೇಳಿದರೆ, ಗೊತ್ತಿರುವ ದಾರಿ ತಪ್ಪಿದರೆ ನರರೋಗ ತಜ್ಞರಿಗೆ ತೋರಿಸಿ. ಮಾತು ಇದ್ದಕ್ಕಿದ್ದಂತೆ ತೊದಲಿದರೆ, ಬಾಯಿ ಒಂದು ಕಡೆ ಸೊಟ್ಟಗಾದರೆ, ಅದು ಪಾರ್ಶ್ವವಾಯು ಇರಬಹುದು. ಬೆಳಗಾಗಲಿ ಅಂತ ಕಾಯಬೇಡಿ. ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್ನನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು.

ದಿನನಿತ್ಯಕ್ಕೆ ಮಗಳು ಹೇಳಿಕೊಟ್ಟದ್ದು ಇಷ್ಟು: ಅಮ್ಮ ಪದ ಹುಡುಕುವಾಗ ನೀವೇ ತುಂಬಿಸಬೇಡಿ, ಸ್ವಲ್ಪ ಕಾಯಿರಿ. ಬರದಿದ್ದರೆ ಮೊದಲ ಅಕ್ಷರ ಮಾತ್ರ ಹೇಳಿ. ಎಷ್ಟೋ ಸಲ ಅಷ್ಟೇ ಸಾಕಾಗುತ್ತದೆ. ನಾನೊಂದು ಸ್ವಂತ ಉಪಾಯವನ್ನೂ ಮಾಡಿದ್ದೆ. ಆ ದಿನ ಛತ್ರದಲ್ಲಿ ಫೋನು ಅವನ ಕೈಗೇ ಕೊಟ್ಟು "ನಿನ್ನ ನಂಬರ್ ನೀನೇ ಸೇವ್ ಮಾಡಪ್ಪ, ನನಗೆ ಕನ್ನಡಕ ಇಲ್ಲ" ಅಂದೆ. ಹೆಸರು ತಾನಾಗಿ ಸಿಗುತ್ತದೆ ಅಲ್ವಾ ಅಂತ. ಮನೆಗೆ ಬಂದು ನೋಡಿದರೆ, ಪುಣ್ಯಾತ್ಮ "ನಿಮ್ಮ ಸ್ಟೂಡೆಂಟ್" ಅಂತ ಸೇವ್ ಮಾಡಿದ್ದ.